ಚಿಲಕನಿಗೊಂದು ಜಾಮೀನು

ಬಾಗಿಲ ಪಕ್ಕದ ಯಂತ್ರ ಅವನ ಬಲಗೈ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಒಪ್ಪದಿದ್ದುದೇ ಸರಿ ಎಂದು ಅವನಿಗೂ ಅನ್ನಿಸಿತು. ಹೆಬ್ಬೆಟ್ಟಿನ ಮೇಲೆ ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸುವಾಗ ಎದ್ದ ಬೊಬ್ಬೆಯಿತ್ತು, ಬೊಬ್ಬೆಯ ಮೇಲೆ ಹೆಂಡತಿ ಮಾತಾಡದೆ ಸುತ್ತಿದ ಬಟ್ಟೆಯಿತ್ತು. ಬಟ್ಟೆಯನ್ನೂ ನಂಬುವ ಯಂತ್ರವಾಗಿದ್ದರೆ ಅದನ್ನೇ ಕೊಳ್ಳಬೇಕೆಂದು ಹಟ ಹಿಡಿದ ತಾನು ಮೂರ್ಖನಾಗುತ್ತಿದ್ದ. ಎಡಗೈ ಹೆಬ್ಬೆಟ್ಟು ಒತ್ತಿದ. ಅದನ್ನು ಯಾವತ್ತೂ ನೋಂದಾಯಿಸಿರಲಿಲ್ಲ. ಹಿಂದೆ ನಿಂತ ಸಾಲಿನಲ್ಲಿ ಯಾರೋ ಕೆಮ್ಮಿದರು, ಕೆಮ್ಮಿನ ಮರೆಯಲ್ಲಿ ಇನ್ಯಾರೋ 'ಚಿಲಕಕ್ಕೇ ಚಿಲಕ ಬಿತ್ತು' ಅಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಬಣ್ಣ ತಯಾರಿಸುವ ಆ ಕಂಪನಿಯಲ್ಲಿ ಅವನ ಹೆಸರು ಚಿಲಕ ಎಂಬುದು ಅವನಿಗೆ ಗೊತ್ತಿಲ್ಲ ಎಂದು ಎಲ್ಲರೂ ನಂಬಿದ್ದರು. ಗೊತ್ತಿಲ್ಲದವನಂತೆ ಇರುವುದರಲ್ಲಿ ಅವನು ಪಳಗಿದ್ದ. ಕಂಪನಿಯ ಜಾಲದ ಉಸ್ತುವಾರಿ ಅವನದು. ಯಾರು ಯಾವ ಪರದೆಯಲ್ಲಿ ಏನು ನೋಡಬಹುದು, ಯಾರ ಪತ್ರ ಎಲ್ಲಿಗೆ ಹೋಗಬಹುದು, ಯಾರು ಎಲ್ಲಿಂದ ಒಳಗೆ ಬರಬಹುದು ಎಂಬುದನ್ನೆಲ್ಲ ಅವನು ಒಂದೊಂದಾಗಿ ಮುಚ್ಚುತ್ತ ಬಂದಿದ್ದ, ಮುಚ್ಚಿದ್ದನ್ನು ತೆರೆದ ನೆನಪು ಯಾರಿಗೂ ಇರಲಿಲ್ಲ. ಕಾವಲುಗಾರ ಕನಿಕರದಿಂದಲೇ ಪಕ್ಕದ ಬಾಗಿಲು ತೆಗೆದು, ಅವನ ಕೊರಳಿಗೆ 'ಭೇಟಿಗೆ ಬಂದವರು' ಎಂದು ಬರೆದ ಪಟ್ಟಿ ಹಾಕಿದ. ಹಾಕುವಾಗ ಕೊರಳು ಬಗ್ಗಿಸಬೇಕಾಯಿತು. ಬಲಿಗೆ ಹೊರಟ ಕುರಿಯೂ ಇಷ್ಟು ವಿಧೇಯವಾಗಿ ಬಗ್ಗುವುದಿಲ್ಲವೇನೋ.

ಲಿಫ್ಟಿನ ಕನ್ನಡಿಯಲ್ಲಿ ಆ ಪಟ್ಟಿಯನ್ನು ತಿರುಗಿಸಿ ಅಂಗಿಯೊಳಗೆ ತುರುಕಿಕೊಂಡ. ಹೆಂಡತಿ ಮಾತು ಬಿಟ್ಟದ್ದು ಹಾಲಿಗಾಗಿ ಅಲ್ಲ. ಹೋದ ವಾರ ಮನೆಯ ವೈಫೈಗೂ ಅವನು ಆಫೀಸಿನ ನಿಯಮವನ್ನೇ ತಂದಿದ್ದ: ಯಾವ ಫೋನೇ ಆಗಲಿ, ಹೊರಗೆ ಹೋಗಿ ಬಂದರೆ ಮತ್ತೆ ತನ್ನ ಗುರುತು ಹೇಳಬೇಕು. ಅವಳು ತರಕಾರಿ ತಂದು ಚೀಲ ಕೆಳಗಿಟ್ಟು, ಫೋನು ನೋಡಿ, ಅದನ್ನು ಅವನ ಮುಂದೆ ಹಿಡಿದು, 'ಮದುವೆಯಾಗಿ ಬಂದವಳನ್ನ ದಿನಾ ಬಾಗಿಲಲ್ಲಿ ನಿಲ್ಲಿಸಿ ಯಾರಮ್ಮ ನೀನು ಅಂತ ಕೇಳಿದ ಹಾಗಿದೆ ಇದು' ಅಂದಿದ್ದಳು. ಅವನು ನಗಬೇಕಿತ್ತು. ನಗುವ ಬದಲು, ಕಳೆದುಹೋದ ಫೋನುಗಳಿಂದ ಎಂಥೆಂಥ ಅನಾಹುತಗಳಾಗಿವೆ ಎಂದು ವಿವರಿಸಲು ತೊಡಗಿದ. ಮಗಳು ತಟ್ಟೆಯೆತ್ತಿಕೊಂಡು ಎದ್ದುಹೋದಳು. ವಿವರಿಸುವುದು ಅವನಿಗೆ ಒಂದು ಚಟ. ಎದುರಿಗೆ ಕೇಳುವವರಿಲ್ಲದಾಗ ಅದು ಇನ್ನೂ ಸೊಗಸಾಗಿ ಬರುತ್ತದೆ.

ತನ್ನ ಕೋಣೆಗೆ ಬಂದು ಕೂತು ಎಡಗೈಯಿಂದ ಗುಪ್ತಪದ ಕುಟ್ಟಿದ. ಗುಪ್ತಪದ ಸರಿಯಾಗಿತ್ತು. ಆದರೆ ಈಗಿನ ಹೊಸ ಸೇವೆಗೆ ಅದೊಂದೇ ಸಾಲದು. ಯಾವ ಬೆರಳು ಯಾವ ಲಯದಲ್ಲಿ ಬಡಿಯುತ್ತದೆ, ಮನುಷ್ಯ ಯಾವ ಬಾಗಿಲಿನಿಂದ ಬಂದ, ಎಂದಿನಂತೆ ಬಂದನೋ ಇಲ್ಲವೋ ಎಲ್ಲವನ್ನೂ ಕೂಡಿಸಿ, ಪ್ರತಿಯೊಬ್ಬ ಉದ್ಯೋಗಿಗೂ ಅದು ನಂಬಿಕೆಯ ಅಂಕ ಕೊಡುತ್ತಿತ್ತು. ಇವತ್ತು ಅವನ ಬೆರಳು ಅವನದಲ್ಲ, ಲಯ ಅವನದಲ್ಲ, ಬಂದದ್ದು ಭೇಟಿಗಾರರ ಬಾಗಿಲಿನಿಂದ. ಪರದೆಯ ಮೇಲೆ ತಿಳಿನೀಲಿ ಅಕ್ಷರಗಳು ಮೂಡಿದವು: 'ಕ್ಷಮಿಸಿ, ಇದು ನೀವು ಎಂದು ನಮಗೆ ಅನ್ನಿಸುತ್ತಿಲ್ಲ.' ಆ ವಾಕ್ಯವನ್ನು ಆರಿಸಿದವನು ಅವನೇ. ಮೊದಲು ಅಲ್ಲಿ 'ಪ್ರವೇಶವಿಲ್ಲ' ಎಂದಷ್ಟೇ ಇತ್ತು; ಯಂತ್ರ ಜನರ ಜೊತೆ ಅಕ್ಕರೆಯಿಂದ ಮಾತಾಡಬೇಕು ಎಂದು ಸಲಹೆಗಾರ ಹೇಳಿದ್ದಕ್ಕೆ ಒಂದು ಇಡೀ ಮಧ್ಯಾಹ್ನ ಕೂತು ಅಕ್ಕರೆಯನ್ನು ತಿದ್ದಿದ್ದ. ಈಗ ಓದಿದರೆ ಅದರಲ್ಲಿ ಅಕ್ಕರೆಗಿಂತ ಹೆಚ್ಚಾಗಿ ಬೀಗರ ಮನೆಯ ನಯ ಕಂಡಿತು.

ಈ ಸಲಹೆಗಾರನನ್ನು ಆಫೀಸಿನವರು ಟ್ರೆಂಡು ಎಂದು ಕರೆಯುತ್ತಿದ್ದರು, ಯಾಕೆಂದರೆ ಅವನ ಪ್ರತಿ ಮಾತೂ 'ಈಗಿನ ಟ್ರೆಂಡು ಏನಂದ್ರೆ' ಎಂದೇ ಶುರುವಾಗುತ್ತಿತ್ತು. ಟ್ರೆಂಡು ಮೊದಲ ಸಲ ಬಂದಾಗ ಹಳೆಯ ಕಾಲದ ಕೋಟೆಯ ಚಿತ್ರ ತೋರಿಸಿದ್ದ. ಹಿಂದೆ ನಾವು ಸುತ್ತ ಗೋಡೆ ಕಟ್ಟಿ, ಗೋಡೆಯೊಳಗಿನವರನ್ನೆಲ್ಲ ನಂಬುತ್ತಿದ್ದೆವು. ಈಗ ಗೋಡೆ ಇಲ್ಲ, ಒಳಗಿಲ್ಲ, ಹೊರಗಿಲ್ಲ. ಪ್ರತಿಯೊಬ್ಬನೂ ಪ್ರತಿ ಕ್ಷಣವೂ ಹೊರಗಿನವನೇ ಎಂದು ಹೇಳಿದಾಗ ಯಜಮಾನರು ತಲೆದೂಗಿದರು, ತತ್ವಜ್ಞಾನ ಕೇಳಿದವರಂತೆ. ಆಮೇಲೆ ಒಂದೊಂದೇ ಸೇವೆ ಹೊರಗೆ ಹೋಯಿತು. ಪತ್ರ ಹೋಯಿತು, ಕಡತ ಹೋಯಿತು, ಕೊನೆಗೆ ಜಾಲದ ಕಾವಲೂ ಹೋಯಿತು. ಎಲ್ಲವನ್ನೂ ಈಗ ಯಾರೂ ಕಾಣದ ಯಾವುದೋ ಜಾಗದಿಂದ ಯಾರೋ ನೋಡಿಕೊಳ್ಳುತ್ತಿದ್ದರು. ಹಗಲಿರುಳೂ ತಣ್ಣಗೆ ಗುಂಯ್‌ಗುಡುತ್ತಿದ್ದ ಕೆಳಗಿನ ಸರ್ವರ್ ಕೋಣೆಯಲ್ಲಿ ಈಗ ಕಾಲು ಮುರಿದ ಕುರ್ಚಿಗಳಿದ್ದವು. ಉಳಿದದ್ದು ಅವನೊಬ್ಬ, ಅವನಡಿಯಲ್ಲಿ ಒಬ್ಬ ಉಪ. ಚಿಲಕನ ಕೆಲಸವೆಂದರೆ ಪರದೆಯ ಮೇಲೆ ಎಲ್ಲವೂ ಹಸಿರಾಗಿದೆಯೇ ಎಂದು ನೋಡುವುದು. ಹಸಿರೇ ಇರುತ್ತಿತ್ತು. ಇವತ್ತು ಯಜಮಾನರ ಮುಂದೆ ಹೊಸ ವ್ಯವಸ್ಥೆಯ ಪ್ರದರ್ಶನ. ಹಸಿರನ್ನು ನೋಡಲು ಒಳಗಿನವನೊಬ್ಬ ಬೇಕೇ ಬೇಡವೇ ಎಂಬುದೂ ಇವತ್ತೇ ತೀರ್ಮಾನವಾಗಲಿತ್ತು. ಆ ಪ್ರದರ್ಶನಕ್ಕೆ ಬೇಕಾದದ್ದೆಲ್ಲ ಈ ನಯವಾದ ತಿಳಿನೀಲಿ ವಾಕ್ಯದ ಹಿಂದೆ ಕೂತಿತ್ತು.

ಕೆಳಗೆ ಇನ್ನೊಂದು ದಾರಿ ತೋರಿಸಿತ್ತು: ಗುಟ್ಟಿನ ಪ್ರಶ್ನೆಗೆ ಉತ್ತರಿಸಿ. ನಿಮ್ಮ ಆಪ್ತ ಸ್ನೇಹಿತ ಯಾರು? ಸೇರಿದ ಹೊಸದರಲ್ಲಿ ಬರೆದಿಟ್ಟ ಉತ್ತರ ಅದು. ಹೆಂಡತಿಯ ಹೆಸರು ಹಾಕಿದ; ತಪ್ಪು ಎಂದಿತು. ಹಾಕುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆಮೇಲೆ ಬೇಡವೆಂದರೂ ನೆನಪಾದದ್ದು ತಂತಿ. ತಂತಿ ಅವನ ಜೊತೆಗೇ ಸೇರಿದವನು. ಹೆಗಲ ಮೇಲೆ ಕೇಬಲ್ಲಿನ ಸುರುಳಿ ಹಾಕಿಕೊಂಡು ಮಾಡಿನ ಸಂದಿಯಲ್ಲಿ ತೆವಳುವಾಗ ಹಾಡುತ್ತಿದ್ದ, ಹಾಡು ಎಲ್ಲಿಂದ ಬರುತ್ತದೆಂದು ತಿಳಿಯದೆ ಕೆಳಗಿನವರು ಮೇಲೆ ಕೆಳಗೆ ನೋಡುತ್ತಿದ್ದರು. ಧೂಳು ಹಿಡಿದ ಅದೇ ಮಾಡಿನ ಕೆಳಗೆ ಇಬ್ಬರೂ ಒಂದೇ ಡಬ್ಬಿಯಿಂದ ಉಂಡಿದ್ದರು. ಸೇವೆಗಳು ಹೊರಗೆ ಹೋದ ವರ್ಷ, ಹಳಬರಿಬ್ಬರಲ್ಲಿ ಒಬ್ಬರು ಸಾಕು, ಯಾರೆಂದು ನೀವೇ ಹೇಳಿ ಎಂದು ಮೇಲಿನವರು ಅವನನ್ನೇ ಕೇಳಿದರು. ತಂತಿಯ ಬಗ್ಗೆ ಅವನು ಒಂದೂ ಕೆಟ್ಟ ಮಾತು ಬರೆಯಲಿಲ್ಲ. 'ಕೈಯಿಂದ ಮಾಡುವ ಕೆಲಸದಲ್ಲಿ ನಿಪುಣ' ಎಂದು ಬರೆದ. ಅಷ್ಟು ಸಾಕಾಯಿತು. ಈಗ ತಂತಿಯ ನಿಜವಾದ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದ, ಸತ್ತವರ ಹೆಸರು ಕಲ್ಲಿನ ಮೇಲೆ ಕೆತ್ತುವವನಂತೆ, ಮತ್ತು ಅದಕ್ಕಾಗಿ ತನ್ನನ್ನು ತಾನೇ ಸ್ವಲ್ಪ ಮೆಚ್ಚಿಕೊಂಡ. ತಪ್ಪು, ಎಂದಿತು ಪರದೆ. ಹೆಸರಲ್ಲದಿದ್ದರೆ ಅಡ್ಡಹೆಸರಿರಬೇಕೆಂದು ತಂತಿ ಎಂದೇ ಬರೆದ. ಅದೂ ತಪ್ಪು, ಆ ದಾರಿಯೂ ಮುಚ್ಚಿತು. ಆಗ ಹೊಳೆಯಿತು. ಗುಟ್ಟಿನ ಪ್ರಶ್ನೆಗೆ ಯಾವತ್ತೂ ನಿಜವಾದ ಉತ್ತರ ಕೊಡಬೇಡಿ, ನಿಜ ಹೇಳಿದರೆ ಯಾರು ಬೇಕಾದರೂ ಊಹಿಸುತ್ತಾರೆ ಎಂದು ಪ್ರತಿ ತರಬೇತಿಯಲ್ಲೂ ಅವನು ಹೇಳುತ್ತಿದ್ದ. ತಾನೂ ಹಾಗೇ ಮಾಡಿದ್ದ. ಆಪ್ತ ಸ್ನೇಹಿತ ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದಾಗ, ಅವನಿಗೆ ಬೆನ್ನು ತಿರುಗಿಸಿ, ಇನ್ಯಾವುದೋ ಸುಳ್ಳು ಹೆಸರು ಬರೆದು, ಆ ಸುಳ್ಳನ್ನೂ ಮರೆತಿದ್ದ.

ಸಹಾಯವಾಣಿಗೆ ಫೋನು ಮಾಡಿದ. ಅದೂ ಹೊರಗಿನದೇ. ಎತ್ತಿಕೊಂಡವಳ ದನಿ ಎಳೆಯದಾಗಿತ್ತು, ಮರ್ಯಾದೆಯಿಂದ ತುಂಬಿತ್ತು, ಬೆಳಗಿನ ಹೊತ್ತಿಗೇ ದಣಿದಿತ್ತು. ಅವನು ತಾನು ಯಾರೆಂದು ಹೇಳಿದ. ತನ್ನ ಹುದ್ದೆ ಹೇಳಿದ. ಈ ವ್ಯವಸ್ಥೆಯನ್ನು ತಂದವನೇ ತಾನೆಂದ, ನೀವು ಈಗ ನೋಡಿ ಓದುತ್ತಿರುವ ಮಾತುಗಳನ್ನು ಬರೆದುಕೊಟ್ಟವನೂ ತಾನೇ ಎಂದ.

'ಹಾಗಂತ ತುಂಬಾ ಜನ ಹೇಳ್ತಾರೆ ಸರ್' ಅಂದಳು ಅವಳು. 'ದೊಡ್ಡ ಹುದ್ದೆ ಹೇಳಿ ಅವಸರ ಮಾಡೋರನ್ನ ಹೆಚ್ಚು ಅನುಮಾನಿಸಬೇಕು ಅಂತ ಇಲ್ಲಿದೆ.'

'ಅದನ್ನ ಬರೆದಿದ್ದೂ ನಾನೇ ಕಣಮ್ಮ.'

'ಇರಬಹುದು ಸರ್. ಆದ್ರೆ ಬರೆದೋರು ನೀವು ಅಂತ ನನಗೆ ಹೇಗೆ ಗೊತ್ತಾಗಬೇಕು?'

ಅವಳ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಸುಖವಿರುತ್ತಿತ್ತು. ಅವಳು ಪ್ರತಿ ಪದವನ್ನೂ ಅವನು ಬಯಸಿದ ಹಾಗೇ ಹೇಳುತ್ತಿದ್ದಳು. ಉಳಿದದ್ದು ಒಂದೇ ದಾರಿ, ಅದನ್ನು ಅವಳು ಓದಿ ತಿಳಿಸುವ ಮೊದಲೇ ಅವನಿಗೆ ನೆನಪಾಯಿತು: ಜಾಮೀನು. ಹೊರಗುಳಿದವನನ್ನು ಚೆನ್ನಾಗಿ ಬಲ್ಲ ಉದ್ಯೋಗಿಯೊಬ್ಬರು ವಿಡಿಯೋದಲ್ಲಿ ಅವನ ಪಕ್ಕ ಕೂತು, ಇವನು ಅವನೇ ಎಂದು ಹೇಳಬೇಕು. ಬಲ್ಲವರಿಗೆ ಮಾತ್ರ ಗೊತ್ತಿರುವಂಥ ಗುರುತುಗಳನ್ನು ಕೊಡಬೇಕು. ಯಾರೂ ಸಲೀಸಾಗಿ ಸ್ನೇಹಕ್ಕೆಂದು ಬಂದು ಸಾಕ್ಷಿ ಹೇಳಬಾರದೆಂದು ಅವನು ಅದಕ್ಕೊಂದು ಬಾಲ ಕಟ್ಟಿದ್ದ: ಜಾಮೀನು ನಿಂತವರ ನಂಬಿಕೆಯ ಅಂಕ, ಜಾಮೀನು ಪಡೆದವನ ಅಂಕದ ಜೊತೆ ಒಂದಷ್ಟು ಕಾಲ ಕಟ್ಟಿಹಾಕಲ್ಪಡುತ್ತದೆ. ಮುಳುಗುವವನ ಕೈ ಹಿಡಿದವನೂ ನೆನೆಯಬೇಕು. ಈ ನಿಯಮ ಮಾಡಿದ ಮೇಲೆ ಜಾಮೀನು ಕೇಳುವವರೇ ಇಲ್ಲವಾಗಿದ್ದರು. ಅದನ್ನು ಅವನು ಯಶಸ್ಸೆಂದು ವರದಿ ಮಾಡಿದ್ದ.

ಮೇಲಧಿಕಾರಿ ಆಗಲೇ ಯಜಮಾನರ ಜೊತೆ ಒಳಗಿದ್ದರು, ಫೋನು ಆರಿತ್ತು. ಉಪನ ಮೇಜಿನ ಬಳಿ ಹೋದ. ಉಪ ಎದ್ದು ನಿಂತ, ತನ್ನ ಕುರ್ಚಿಯನ್ನೇ ಎಳೆದುಕೊಟ್ಟ, ಬೆರಳಿಗೆ ಏನಾಯಿತೆಂದು ವಿಚಾರಿಸಿದ, ಎಲ್ಲ ಕೇಳಿಸಿಕೊಂಡ ಮೇಲೆ ಕಣ್ಣಿನಲ್ಲಿ ನೀರು ತರುವುದೊಂದನ್ನು ಬಿಟ್ಟು ಮಿಕ್ಕೆಲ್ಲ ದುಃಖವನ್ನೂ ತೋರಿಸಿ, ತನ್ನ ಅಂಕ ಈಗಾಗಲೇ ಅಂಚಿನಲ್ಲಿದೆ, ಮನೆ ಸಾಲದ ಅರ್ಜಿ ಬೇರೆ ಹಾಕಿದ್ದೇನೆ, ಈಗ ಕೆಂಪಾದರೆ ಹೇಗೆ ಎಂದ. ಇವನ ಕುರ್ಚಿಯ ಮೇಲೆ ಉಪನಿಗೆ ಕಣ್ಣಿದ್ದದ್ದು ಎಲ್ಲರಿಗೂ ತಿಳಿದ ವಿಷಯ. ಇವತ್ತು ಆ ಕಣ್ಣು ಎಷ್ಟು ಶಾಂತವಾಗಿತ್ತೆಂದರೆ ಕುರ್ಚಿಯಲ್ಲಿ ಆಗಲೇ ಕೂತಂತಿತ್ತು. ಸಿಬ್ಬಂದಿ ವಿಭಾಗದವಳು ಕಾನೂನಿನವರನ್ನು ಕೇಳಿ ನಾಳೆ ಹೇಳುತ್ತೇನೆಂದಳು. ಕ್ಯಾಂಟೀನಿನವನು ವಿಷಯ ಹೇಗೋ ತಿಳಿದು, ಲೋಟ ಒರೆಸುತ್ತಲೇ, ನಾನು ಬೇಕಾದರೆ ಹೇಳುತ್ತೇನೆ ಸಾರ್, ನಿಮಗೆ ಸಕ್ಕರೆ ಕಮ್ಮಿ ಅಂತ ನನಗಲ್ಲದೆ ಯಾರಿಗೆ ಗೊತ್ತು ಎಂದ; ಆದರೆ ಅವನು ಗುತ್ತಿಗೆಯವನು, ವ್ಯವಸ್ಥೆಯ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಕ್ಯಾಂಟೀನಿನಿಂದ ಹೊರಬಿದ್ದು ಅಷ್ಟುದ್ದ ಹಜಾರವನ್ನು ನೋಡಿದ. ತಲೆಗಳೆಲ್ಲ ಪರದೆಗೆ ಅಂಟಿಕೊಂಡಿದ್ದವು, ಅವನು ದಾಟಿದ ಕಡೆ ಇನ್ನಷ್ಟು ಅಂಟಿಕೊಂಡವು. ಇಲ್ಲಿ ಯಾರಿಗೆ ನಾನು ಏನು ಕೊಟ್ಟಿದ್ದೇನೆ, ಬೇಡವೆಂಬುದನ್ನು ಬಿಟ್ಟು? ಹೀಗೆ ಕೇಳಿಕೊಂಡದ್ದು ಪಶ್ಚಾತ್ತಾಪದಿಂದಲ್ಲ, ಯಾರನ್ನು ಕೇಳಬಹುದೆಂಬ ಲೆಕ್ಕಾಚಾರಕ್ಕೆ.

ಹಾಗೆ ಉಳಿದದ್ದು ದೊಡ್ಡಕ್ಕ. ಹಿಂದಿನ ಕಟ್ಟಡದಲ್ಲಿ ಬಣ್ಣದ ಡಬ್ಬಿಗಳನ್ನು ಲಾರಿಗೇರಿಸಿ ಊರೂರಿಗೆ ಕಳಿಸುವ ರವಾನೆ ವಿಭಾಗ ಆಕೆಯದು. ಕೂದಲು ನರೆತ, ಗಟ್ಟಿ ದನಿಯ ಹೆಂಗಸು, ಯಜಮಾನರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಕೆಯನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿತ್ತು. ಜನ ಮೋಸದ ಪತ್ರಗಳಿಗೆ ಬೀಳುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಕಂಪನಿಯೇ ಆಗಾಗ ಮೋಸದ ಪತ್ರ ಕಳಿಸುತ್ತಿತ್ತು, ಬರೆಯುತ್ತಿದ್ದವನು ಅವನು. ಮೊದಮೊದಲು ಬಹುಮಾನ, ಬಡ್ತಿ ಎಂದೆಲ್ಲ ಬರೆದ. ಯಾರೂ ಬೀಳಲಿಲ್ಲ, ಈ ಕಂಪನಿಯಲ್ಲಿ ಬಡ್ತಿ ಸಿಗುತ್ತದೆಂದು ನಂಬುವವರೇ ಇರಲಿಲ್ಲ. ಈಗಿನ ಟ್ರೆಂಡು ಏನಂದರೆ ಭಾವನೆಯನ್ನು ಮುಟ್ಟಬೇಕು ಎಂದ ಟ್ರೆಂಡು. ಆಮೇಲೆ ಅವನು ಬರೆದದ್ದು: 'ನಿಮ್ಮ ಮನೆಯವರಿಗೆ ರಸ್ತೆಯಲ್ಲಿ ಅಪಘಾತವಾಗಿದೆ. ಆಸ್ಪತ್ರೆಯ ವಿವರಕ್ಕೆ ಇಲ್ಲಿ ಒತ್ತಿ.' ಆ ವಾಕ್ಯದ ಬಿಗಿ ಅವನಿಗೆ ಹಿಡಿಸಿತ್ತು. ದೊಡ್ಡಕ್ಕನ ಗಂಡ ದೂರದ ದಾರಿಯ ಲಾರಿ ಓಡಿಸುತ್ತಿದ್ದ. ಒತ್ತಿದವರ ಪರದೆಯ ಮೇಲೆ ಗಾಳ ನುಂಗಿದ ನಗುವ ಮೀನೊಂದು ಬಂದು 'ಸಿಕ್ಕಿಬಿದ್ದಿರಿ' ಎನ್ನುತ್ತಿತ್ತು, ಆದರೆ ದೊಡ್ಡಕ್ಕ ಮೀನನ್ನು ನೋಡಲಿಲ್ಲ. ಅಷ್ಟರಲ್ಲಿ ಎದ್ದು ಓಡಿದ್ದಳು, ಒಂದು ಚಪ್ಪಲಿ ಮೇಜಿನ ಕೆಳಗೇ ಬಿದ್ದಿತ್ತು, ಊರಿನ ಒಂದೊಂದೇ ಆಸ್ಪತ್ರೆಯ ಬಾಗಿಲು ಬಡಿದು ಸಂಜೆ ಮನೆಗೆ ಹೋದರೆ ಗಂಡ ಜಗಲಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದನಂತೆ. ಬಿದ್ದವರಿಗೆಲ್ಲ ನಡೆದ ತರಬೇತಿಯಲ್ಲಿ ಆಕೆ ಮುಂದಿನ ಸಾಲಿನಲ್ಲಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತಳು. ಪರದೆಯ ಮೇಲಿನ ಸಾಲನ್ನು ಒಬ್ಬೊಬ್ಬರೇ ಓದಬೇಕಿತ್ತು. 'ಗೊತ್ತಿದ್ದವರನ್ನೂ ನಂಬಬೇಡಿ' ಎಂಬ ಸಾಲು ಆಕೆಯ ಪಾಲಿಗೆ ಬಂತು. ಅದನ್ನು ಲಾರಿಯ ಹಿಂದಿನ ಬರಹ ಓದುವವಳಂತೆ, ಯಾವ ಭಾವವೂ ಇಲ್ಲದೆ, ಕೊನೆಯ ಸಾಲಿಗೂ ಕೇಳುವಂತೆ ಓದಿ ಕೂತಳು. ಆವತ್ತಿನಿಂದ ಅವನು ಹಿಂದಿನ ಕಟ್ಟಡಕ್ಕೆ ಹೋಗಬೇಕಾದ ಕೆಲಸಕ್ಕೆಲ್ಲ ಉಪನನ್ನು ಕಳಿಸುತ್ತಿದ್ದ.

ಈಗ ಹೋದ. ಬಾಗಿಲಲ್ಲಿ ನಿಂತು, ದೊಡ್ಡಕ್ಕ ಎನ್ನಬೇಕೋ ಮೇಡಂ ಎನ್ನಬೇಕೋ ತಿಳಿಯದೆ ಎರಡನ್ನೂ ನುಂಗಿ, ಆದದ್ದನ್ನು ಹೇಳಿದ. ಹೇಳುವಾಗ, ಜಾಮೀನಿನಿಂದ ಅಂಕ ಕಟ್ಟಿಬೀಳುತ್ತದೆಂಬುದನ್ನು ಹೇಳಲಿಲ್ಲ. ಹೇಳಬಾರದೆಂದೇನೂ ಇರಲಿಲ್ಲ, ಮಾತಿನ ಓಟದಲ್ಲಿ ಅದಕ್ಕೆ ಜಾಗ ಸಿಗಲಿಲ್ಲವೆಂದು ಆ ಕ್ಷಣದಲ್ಲೇ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ದೊಡ್ಡಕ್ಕ ಅಂಗಳದಲ್ಲಿ ತುಂಬುತ್ತಿದ್ದ ಲಾರಿಯ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಪೆನ್ನನ್ನು ಮುಡಿಗೆ ಸಿಕ್ಕಿಸಿಕೊಂಡು, ಪಕ್ಕದ ಡಬ್ಬಿಯ ಮೇಲೆ ಕೂರುವಂತೆ ಕೈ ತೋರಿಸಿದಳು. ಇಷ್ಟು ಸುಲಭವಾಗಿ ಆಗುತ್ತದೆಂದು ಅವನು ಎಣಿಸಿರಲಿಲ್ಲ; ಸುಲಭವಾದದ್ದರಲ್ಲೆಲ್ಲ ಒಂದು ಬಲೆ ಇರುತ್ತದೆಂಬ ಅವನದೇ ಪಾಠ ನೆನಪಾಗಿ ಬೆನ್ನು ನೆಟ್ಟಗಾಯಿತು.

ಫೋನಿನ ಪುಟ್ಟ ಪರದೆಯಲ್ಲಿ ಇಬ್ಬರ ಮುಖವೂ ಒತ್ತಿಕೊಂಡು ಬಂತು. ಸಹಾಯವಾಣಿಯವಳು, ಇವರು ಅವರೇ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು.

'ನನ್ನ ಗಂಡನಿಗೆ ಆ್ಯಕ್ಸಿಡೆಂಟ್ ಆಯ್ತು ಅಂತ ಸುಳ್ಳು ಪತ್ರ ಬರೆದವರು ಇವರೇ' ಅಂದಳು ದೊಡ್ಡಕ್ಕ.

ಆ ಕಡೆ ಕೀಲಿಗಳು ಟಕಟಕ ಎಂದವು. ಅವಳು ಬರೆದುಕೊಳ್ಳುತ್ತಿದ್ದಳು. ಬೇರೆ ಗುರುತು ಯಾವುದಾದರೂ ಎಂದಳು, ಮೈಮೇಲಿನದಾದರೂ ಆದೀತು ಎಂದಳು.

'ತಪ್ಪು ಮಾಡಿ ಸಿಕ್ಕಿಬಿದ್ದಾಗ ಎಡಗಿವಿ ಮಾತ್ರ ಕೆಂಪಾಗುತ್ತೆ. ಈಗ ನೋಡಮ್ಮ, ಆಗಿದೆ.'

ಅವನು ಕಿವಿ ಮುಟ್ಟಿಕೊಂಡ. ಬೆಚ್ಚಗಿತ್ತು. ತನ್ನ ದೇಹದ ಮೇಲೆ ತನಗೇ ಗೊತ್ತಿಲ್ಲದ ಒಂದು ಕಿಟಕಿ ಇಷ್ಟು ವರ್ಷ ತೆರೆದೇ ಇತ್ತು, ಎಲ್ಲರೂ ಅದರಲ್ಲಿ ಇಣುಕಿ ನೋಡಿ ನಕ್ಕು ಹೋಗುತ್ತಿದ್ದರು ಎಂಬ ಯೋಚನೆಗೆ ಬಲಗಿವಿಯೂ ಬಿಸಿಯಾದೀತೆಂದು ಭಯವಾಯಿತು. ಹಾಗಾದರೆ ಗುರುತು ಕೆಡುತ್ತದೆ. ಇನ್ನೊಂದು ಸಾಕು ಮೇಡಂ, ಬೇರೆ ಯಾರಿಗೂ ಗೊತ್ತಿಲ್ಲದ್ದು ಎಂದಳು ಸಹಾಯವಾಣಿಯವಳು. ದೊಡ್ಡಕ್ಕ ಫೋನಿನ ಹತ್ತಿರಕ್ಕೆ ಬಾಗಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

'ಇವರ ಜೊತೆ ಒಬ್ಬ ಇದ್ದ, ತಂತಿ ಅಂತ. ಅವನನ್ನ ಮನೆಗೆ ಕಳಿಸಿದ ದಿನ ಇವರು ಹಿಂದಿನ ಮೆಟ್ಟಿಲ ಹತ್ರ ಒಬ್ಬರೇ ನಿಂತು ಅತ್ತರು. ಯಾರೂ ನೋಡಲಿಲ್ಲ ಅಂದುಕೊಂಡ್ರು. ನಾನು ನೋಡಿದೆ. ಅದಕ್ಕೇ ಆ ಪತ್ರದ ವಿಷಯಕ್ಕೂ ನಾನು ಇವರನ್ನ ಏನೂ ಅನ್ನಲಿಲ್ಲ.'

ಅವನು ಆವತ್ತು ಅತ್ತಿರಲಿಲ್ಲ. ಸರ್ವರ್ ಕೋಣೆಯಿಂದ ಹಳೆಯ ಕೇಬಲ್ಲುಗಳನ್ನು ಕೀಳುತ್ತಿದ್ದರು, ವರ್ಷಗಟ್ಟಲೆ ಕೂತ ಧೂಳೆದ್ದು ಕಣ್ಣು ಮೂಗಿಗೆ ಹೊಕ್ಕಿತ್ತು. ಮೆಟ್ಟಿಲ ಬಳಿ ನಿಂತು ಕರವಸ್ತ್ರಕ್ಕೆ ಸೀನಿದ್ದ, ಕಣ್ಣು ಒರೆಸಿಕೊಂಡಿದ್ದ, ತಂತಿ ಇನ್ನೂ ಹೋಗಿಲ್ಲದಿದ್ದರೆ ಎದುರಾಗುತ್ತಾನಲ್ಲ ಎಂದು ಅಲ್ಲೇ ತಡೆದು ನಿಂತಿದ್ದ. ಅಷ್ಟೇ. ಆ ದಿನದ ಬಗ್ಗೆ ಅವನಿಗೆ ಖಚಿತವಾಗಿ ಗೊತ್ತಿದ್ದದ್ದೇನಾದರೂ ಇದ್ದರೆ ಅದು ತನ್ನ ಕಣ್ಣೀರಿಗೆ ಧೂಳಿನ ಹೊರತು ಬೇರೆ ಕಾರಣವಿರಲಿಲ್ಲ ಎಂಬುದೇ. ಹೇಳಬಹುದಿತ್ತು. ಬಾಯಿ ತೆರೆದರೆ ಸಾಕು: ಅದು ನಾನಲ್ಲ ದೊಡ್ಡಕ್ಕ, ಧೂಳು. ಆದರೆ ಹಾಗೆಂದರೆ ಜಾಮೀನು ಬಿದ್ದುಹೋಗುತ್ತದೆ. ಆಕೆಯ ಮಾತಿನೊಳಗಿಂದ ತಾನಲ್ಲದ ಒಬ್ಬ ಒಳ್ಳೆಯ ಮನುಷ್ಯ ಪಕ್ಕದಲ್ಲಿ ಬಂದು ಕೂತಿದ್ದ, ಅವನ ಕೈ ಹಿಡಿದರಷ್ಟೇ ಒಳಗೆ ಹೋಗಬಹುದು. ಅವನು ತಲೆ ತಗ್ಗಿಸಿದ, ಸಂಕೋಚದಿಂದ ತಗ್ಗಿಸಿದವನಂತೆ ಕಾಣಲೆಂದು. ಗುರುತು ಒಪ್ಪಿಗೆಯಾಗಿದೆ ಸರ್, ಸ್ವಾಗತ, ಎಂದಳು ಸಹಾಯವಾಣಿಯವಳು.

ಪ್ರದರ್ಶನದ ಕೋಣೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಕಂಪನಿಯ ಪ್ರತಿಯೊಬ್ಬ ಉದ್ಯೋಗಿಯೂ ಒಂದೊಂದು ಹಸಿರು ಚುಕ್ಕೆಯಾಗಿ ಮಿನುಗುತ್ತಿದ್ದ. ಯಜಮಾನರು, ಮೇಲಧಿಕಾರಿ, ಟ್ರೆಂಡು, ಹಿಂದೆ ಗೋಡೆಗೆ ಒರಗಿ ಉಪ. ಅವನು ಚೆನ್ನಾಗಿಯೇ ಮಾತಾಡಿದ. ಹೊರಗಿದ್ದು ಒಳಗೆ ಬಂದವನ ಹುರುಪು ದನಿಯಲ್ಲಿತ್ತು. ಒಂದೊಂದು ಚುಕ್ಕೆಯೂ ಕ್ಷಣಕ್ಷಣಕ್ಕೂ ಪರೀಕ್ಷೆಗೆ ಒಳಗಾಗುತ್ತದೆ, ಮನುಷ್ಯರ ಕೈ ಇದರಲ್ಲಿ ಎಲ್ಲೂ ಇಲ್ಲ ಎನ್ನುತ್ತಿರುವಾಗಲೇ ಪರದೆಯ ಮೂಲೆಯಲ್ಲೊಂದು ಚುಕ್ಕೆ ಹಳದಿಯಾಯಿತು, ನೋಡನೋಡುತ್ತ ಕೆಂಪಾಯಿತು. ಟ್ರೆಂಡು ಕುರ್ಚಿಯಿಂದ ಅರ್ಧ ಎದ್ದ. ನೋಡಿ ಸಾರ್, ನಿಮ್ಮ ಕಣ್ಣೆದುರಿಗೇ ಹಿಡಿಯಿತು, ಎಂದ, ಇಲಿ ಹಿಡಿದ ಬೆಕ್ಕನ್ನು ಕೊಂಡಾಡುವವನಂತೆ. ಯಾರದು ಎಂದರು ಯಜಮಾನರು. ರವಾನೆಯ ದೊಡ್ಡಕ್ಕನದು. ಮೀನಿನ ಗಾಳಕ್ಕೆ ಬಿದ್ದು ಮೊದಲೇ ಇಳಿದಿದ್ದ ಆಕೆಯ ಅಂಕ, ಬೆಳಿಗ್ಗೆಯಷ್ಟೇ ತಗ್ಗಿದ್ದ ಅವನ ಅಂಕಕ್ಕೆ ಕಟ್ಟಿಬಿದ್ದ ಮೇಲೆ ಗೆರೆಯ ಕೆಳಗೆ ಜಾರಿತ್ತು. ವ್ಯವಸ್ಥೆ ಆಕೆಯನ್ನು ತಾನಾಗಿಯೇ ಹೊರಗೆ ಹಾಕಿತ್ತು.

ಅವನು ಸುಮ್ಮನಿದ್ದರೆ ಆ ಕೋಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಉಪನೊಬ್ಬನನ್ನು ಬಿಟ್ಟು. ಸುಮ್ಮನಿರುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. ಆದರೆ ಇನ್ನೊಬ್ಬನ ಕಣ್ಣೀರು ಸಾಲ ತಂದು ಈ ಕೋಣೆಯೊಳಕ್ಕೆ ಬಂದಿದ್ದ, ಆ ಸಾಲ ತೀರಿದರೆ ಸಾಕು ಎನ್ನಿಸಿ ಹೇಳಿಬಿಟ್ಟ: ಬೆಳಿಗ್ಗೆ ತನ್ನದೇ ಯಂತ್ರ ತನ್ನನ್ನು ನಂಬಲಿಲ್ಲ, ಕೊರಳಿಗೆ ಭೇಟಿಗಾರರ ಪಟ್ಟಿ ಬಿತ್ತು, ಒಬ್ಬರೂ ಜಾಮೀನು ನಿಲ್ಲಲಿಲ್ಲ, ನಿಂತವರು ದೊಡ್ಡಕ್ಕ ಒಬ್ಬರೇ, ನಿಂತ ತಪ್ಪಿಗೆ ಈಗ ಅವರನ್ನೇ ಹೊರಗೆ ಹಾಕಿದೆ, ಅವರು ಯಾವ ತಪ್ಪನ್ನೂ ಮಾಡಿಲ್ಲ. ಅಂಗಿಯೊಳಗಿಂದ ಪಟ್ಟಿ ಎಳೆದು ಮೇಜಿನ ಮೇಲಿಟ್ಟ. ಬಟ್ಟೆ ಸುತ್ತಿದ ಹೆಬ್ಬೆಟ್ಟು ಎತ್ತಿ ತೋರಿಸಿದ. ಯಜಮಾನರ ಕಣ್ಣು ಪಟ್ಟಿಯಿಂದ ಹೆಬ್ಬೆಟ್ಟಿಗೆ, ಹೆಬ್ಬೆಟ್ಟಿನಿಂದ ಕೆಂಪು ಚುಕ್ಕೆಗೆ ಹೋಯಿತು. ಆ ನೋಟದಲ್ಲಿ ತಾನು ಕೆಲಸ ಕಳೆದುಕೊಂಡೆನೆಂದು ಅವನಿಗೆ ನಿಚ್ಚಳವಾಯಿತು, ಮೈ ಹಗುರಾಯಿತು, ಬಹಳ ವರ್ಷಗಳ ಮೇಲೆ ಹಾಗೆ ಹಗುರಾಗಿತ್ತು.

ಯಜಮಾನರು ಚಪ್ಪಾಳೆ ತಟ್ಟಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಇಂಥ ಪ್ರದರ್ಶನವನ್ನು ತಾವು ಎಲ್ಲೂ ನೋಡಿಲ್ಲ ಎಂದರು. ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಬೆರಳಿಗೆ ಬಟ್ಟೆ ಕಟ್ಟಿಕೊಂಡು, ದೊಡ್ಡಕ್ಕನನ್ನೂ ಒಪ್ಪಿಸಿ, ಸರಿಯಾದ ಹೊತ್ತಿಗೆ ಚುಕ್ಕೆ ಕೆಂಪಾಗುವ ಹಾಗೆ ಮಾಡುವುದೆಂದರೆ ಸಾಮಾನ್ಯವೇ ಎಂದು ಮೇಲಧಿಕಾರಿಯ ಕಡೆ ತಿರುಗಿದರು. ಅದು ನಾಟಕವಲ್ಲ ಎಂದು ಅವನು ಅಂದ. ಆ ಮಾತಿಗೂ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಉಪ. ಕಣ್ಣಲ್ಲಿ ನೀರು ತರುವುದನ್ನೂ ಅವನು ಈಗ ಸಾಧಿಸಿದ್ದ. ಒಳಗಿನವನೊಬ್ಬ ಇರಲೇಬೇಕೆಂದು ಅಲ್ಲೇ ತೀರ್ಮಾನವಾಯಿತು, ಮಿಕ್ಕ ಶಾಖೆಗಳಲ್ಲೂ ಇದೇ ಪ್ರಯೋಗ ಮಾಡಿಸಬೇಕೆಂದೂ ಆಯಿತು. ದೊಡ್ಡಕ್ಕನ ಕೆಂಪನ್ನು ಈಗ ತೆಗೆಯಬಹುದಲ್ಲವೇ ಎಂದು ಅವನು ಕೇಳಿದ್ದಕ್ಕೆ ಟ್ರೆಂಡು ನಾಲಿಗೆ ಕಚ್ಚಿಕೊಂಡ. ಕೈ ಹಾಕಿ ತೆಗೆಯುವುದು ಹಳೆಯ ಕಾಲದ ಮಾತು, ನಿಯಮದ ಪ್ರಕಾರ ಯಾರಾದರೂ ಜಾಮೀನು ನಿಲ್ಲಲಿ ಎಂದ. ಯಾರಾದರೂ ಎನ್ನುವಾಗ ಇವನ ಬೆನ್ನು ತಟ್ಟಿದ.

ಹಿಂದಿನ ಕಟ್ಟಡಕ್ಕೆ ಓಡುನಡಿಗೆಯಲ್ಲಿ ಹೋದ. ಅಂಗಳದಲ್ಲಿ ಲಾರಿಗಳು ಒಂದರ ಹಿಂದೊಂದು ನಿಂತು ಹಾರನ್ ಬಜಾಯಿಸುತ್ತಿದ್ದವು. ದೊಡ್ಡಕ್ಕ ಪರದೆಯ ಮುಂದೆ ಕೈಕಟ್ಟಿ ಕೂತಿದ್ದಳು. ಪರದೆಯ ಮೇಲೆ ಅವನ ಅಕ್ಕರೆಯ ವಾಕ್ಯವಿತ್ತು. ಆಕೆ ಅವನನ್ನು ನೋಡಿ ಬೈಯಲಿಲ್ಲ. ಜಾಮೀನು ನಿಂತರೆ ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತೇ ಎಂದಷ್ಟೇ ಕೇಳಿದಳು. ಗೊತ್ತಿತ್ತು ಎಂದ. ಆಕೆ ತಲೆಯಾಡಿಸಿದಳು, ಸಾಮಾನಿನ ಡಬ್ಬಿ ಸೋರುತ್ತಿದೆಯೆಂದು ಕೇಳಿದವಳ ಹಾಗೆ. ಅವನು ಡಬ್ಬಿಯ ಮೇಲೆ ಕೂತು ಸಹಾಯವಾಣಿಗೆ ವಿಡಿಯೋ ಹಚ್ಚಿ, ತಾನು ಜಾಮೀನು ಎಂದ. ಅದೇ ಹುಡುಗಿ. ಅವನ ಗುರುತು ಅವಳಿಗೆ ಹತ್ತಿದಂತಿರಲಿಲ್ಲ, ಹತ್ತಬಾರದೆಂದೂ ನಿಯಮವಿತ್ತು. ಇವರು ಅವರೇ ಎಂದು ನಿಮಗೆ ಹೇಗೆ ಗೊತ್ತು ಸರ್, ಗುರುತು ಹೇಳಿ ಎಂದಳು.

ಅವನು ದೊಡ್ಡಕ್ಕನ ಕಡೆ ತಿರುಗಿದ. ನರೆತ ಕೂದಲು, ಮುಡಿಯಲ್ಲಿ ಪೆನ್ನು, ಕೈಯ ಗೆಣ್ಣಿನಲ್ಲಿ ಒಣಗಿದ ನೀಲಿ ಬಣ್ಣ. ಇವೆಲ್ಲ ಯಾರಿಗೂ ಕಾಣುವಂಥವು. ಈಕೆಗೆ ಮಕ್ಕಳೆಷ್ಟು, ಎಲ್ಲಿಂದ ಬರುತ್ತಾಳೆ, ಯಾವ ಮಾತಿಗೆ ನಗುತ್ತಾಳೆ, ಮೈಯಲ್ಲಿ ಎಲ್ಲಿ ಯಾವ ನೋವಿದೆ, ಒಂದೂ ಅವನಿಗೆ ಗೊತ್ತಿರಲಿಲ್ಲ. ಈಕೆ ಯಾವ ದಿನ ಯಾವ ಕೊಂಡಿ ಒತ್ತಿದಳು, ಪರದೆಯ ಮುಂದಿಂದ ಎಷ್ಟು ಸಲ ಎದ್ದಳು ಎಂಬುದೆಲ್ಲ ಗೊತ್ತಿತ್ತು. ಆ ಕಡೆಯಿಂದ ಹುಡುಗಿ ಮತ್ತೆ ಕೇಳಿದಳು. ಏನಾದರೊಂದು ಹೇಳಬೇಕಿತ್ತು, ಇವತ್ತಿನ ದಿನದಲ್ಲಿ ಒಂದಾದರೂ ನಿಜ.

'ಇವರು ಜನರನ್ನ ನಂಬ್ತಾರೆ' ಅಂದ.

ಕೀಲಿಗಳ ಟಕಟಕ ನಿಂತಿತು. 'ಸರ್, ಅದು ಗುರುತಲ್ಲ' ಅಂದಳು ಅವಳು, ತುಂಬ ನಯವಾಗಿ. 'ಅದು ನಮ್ಮಲ್ಲಿ ದೋಷಗಳಲ್ಲಿ ಬರುತ್ತೆ. ಅಲ್ಲಿ ಹಾಕಲಾ?'

ದೊಡ್ಡಕ್ಕನಿಗೆ ನಗು ಬಂತು. ಹೊಟ್ಟೆಯಿಂದ ಬಂದ ನಗು, ಕಣ್ಣೊರೆಸಿಕೊಳ್ಳುವಷ್ಟು. ಎದ್ದು, ಸೆರಗು ಕೊಡವಿಕೊಂಡು, ಪರದೆಯನ್ನೂ ಅವನನ್ನೂ ಅಲ್ಲೇ ಬಿಟ್ಟು ಅಂಗಳಕ್ಕೆ ಇಳಿದಳು. ಮೊದಲನೆಯ ಲಾರಿಯ ಪಕ್ಕಕ್ಕೆ ಕೈಯಿಂದ ಬಡಿದು, ಏನೋ ಕೂಗಿ ಹೇಳಿದಳು. ಹಾರನ್ ನಿಂತಿತು. ಚಾಲಕರು ಒಬ್ಬೊಬ್ಬರೇ ಕೆಳಗಿಳಿದು ಬಂದು ಆಕೆಯ ಸುತ್ತ ನಿಂತರು, ಯಾರೂ ಆಕೆಯನ್ನು ಯಾರೆಂದು ಕೇಳಲಿಲ್ಲ. ಹಮಾಲಿಗಳು ಡಬ್ಬಿಗಳನ್ನು ಎತ್ತತೊಡಗಿದರು. ಕಿಟಕಿಯಿಂದ ಅವನು ನೋಡುತ್ತಲೇ ಇದ್ದ. ಕೂಗಿ ಹೇಳಬೇಕೆನ್ನಿಸಿತು, ನಾನು ಆವತ್ತು ಅಳಲಿಲ್ಲ ದೊಡ್ಡಕ್ಕ ಎಂದು, ಆದರೆ ಡಬ್ಬಿಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ, ಕೇಳಿಸುವುದಿಲ್ಲವೆಂಬ ಧೈರ್ಯಕ್ಕೇ ಆ ಗಳಿಗೆಯಲ್ಲಿ ಹಾಗೆ ಅನ್ನಿಸಿದ್ದೆಂದೂ ಅವನಿಗೆ ಗೊತ್ತಿತ್ತು.

'ಸರ್, ಲೈನಲ್ಲಿದ್ದೀರಾ?' ಎಂದಿತು ಕೈಯಲ್ಲಿದ್ದ ದನಿ. 'ಮಾತಾಡದೆ ಇದ್ರೆ ನೀವು ಇಲ್ಲ ಅಂತ ಬರ್ಕೋಬೇಕಾಗುತ್ತೆ.'

'ಬರ್ಕೊಳ್ಳಿ' ಅಂದ.